ಹೊಸ ಕಪಾಟಿಗೆ ಹಳೆಯ ಮೈಬಣ್ಣ

ಸಿಂಧನೂರಿನಿಂದ ಮಸ್ಕಿಯ ಮೇಲೆ ಹಾಯ್ದು ಲಿಂಗಸುಗೂರಿಗೆ ಹೋಗುವ ಹಾದಿಯಲ್ಲಿ ನೋಡುತ್ತ ಸಾಗಿದರೆ, ಎರಡು ಮೂರು ತಲೆಮಾರುಗಳಲ್ಲಿ ನಮ್ಮ ಮನೆಗಳು ಎಷ್ಟು ಬದಲಾಗಿವೆಯೆಂಬುದು ಕಣ್ಣಿಗೆ ಬೀಳದಿರದು. ಸಿಂಧನೂರಿನ ಭಾಗಕ್ಕೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದು ಬಂದ ಮೇಲೆ, ಜೋಳ ಬೆಳೆಯುತ್ತಿದ್ದ ಎರೆಯ ಹೊಲಗಳಲ್ಲಿ ಭತ್ತದ ಪೈರು ನಿಂತಿತು, ಅಕ್ಕಿಯ ಗಿರಣಿಗಳು ಎದ್ದವು, ಪೇಟೆಗಳು ಹಿಗ್ಗಿದವು. ತೊಲೆ, ಜಂತಿ, ಕಂಬಗಳ ಮಣ್ಣಿನ ಮಾಳಿಗೆ ಮನೆಗಳು ಒಂದೊಂದಾಗಿ ಮರೆಯಾಗಿ ಸಿಮೆಂಟಿನ ಮನೆಗಳು ಬಂದವು. ಹೊರಗಣ ರೂಪ ಬದಲಾದಂತೆ ಒಳಗಣ ಸಾಮಾನೂ ಬದಲಾಯಿತು. ಇಡಿಯ ಮರದ ಸಂದೂಕ, ಮಂಚ, ಮೇಜುಗಳ ಜಾಗದಲ್ಲಿ ಲ್ಯಾಮಿನೇಟ್ ಹೊದಿಸಿದ ಕಪಾಟು, ಮಂಚ, ಮೇಜುಗಳು ಸೇರಿಕೊಂಡವು. ಬಡಗಿಗಳ ಬಾಯಲ್ಲಿ ಈ ಹೊದಿಕೆಗೆ 'ಸನ್ಮೈಕಾ' ಎಂಬ ಹೆಸರೇ ರೂಢಿ. ಅದು ಒಂದು ತಯಾರಿಕೆಯ ಹೆಸರಾದರೂ ಈಗ ಇಡೀ ಜಾತಿಗೆ ಹೆಸರಾಗಿಬಿಟ್ಟಿದೆ.

ಈಗ ಇನ್ನೊಂದು ಬಗೆಯ ಆಸೆ ತಲೆದೋರಿದೆ. ನುಣುಪಾಗಿ ಹೊಳೆಯುವ ಈ ಸಾಮಾನನ್ನು ನೋಡಿ ನೋಡಿ ಬೇಸರಗೊಂಡವರು, ಅದೇ ಕಪಾಟು ಅಜ್ಜನ ಕಾಲದ್ದೆಂಬಂತೆ ಕಾಣಬೇಕೆಂದು ಬಯಸುತ್ತಿದ್ದಾರೆ. ಅಂಚು ಸವೆದಂತೆ, ಬಣ್ಣ ಬಿರಿದಂತೆ, ಮೂಲೆಗಳಲ್ಲಿ ಕಾಲದ ಮಸಿ ಕೂತಂತೆ ಮಾಡಿಸಿಕೊಳ್ಳುವುದು ಒಂದು ಕಸುಬೇ ಆಗಿದೆ. ಇದನ್ನು ಕಂಡು ಮೂಗು ಮುರಿಯುವವರು ಕೆಲವರುಂಟು. ಹೊಸದನ್ನು ಹಳೆಯದೆಂದು ತೋರಿಸುವುದು ಸುಳ್ಳಲ್ಲವೇ, ವಿಜ್ಞಾನವನ್ನು ಓದುವ ಹುಡುಗರಿಗೆ ಇಂತಹ ಬಣ್ಣದ ಆಟವೇಕೆ ಎಂದು ಅವರು ಕೇಳುತ್ತಾರೆ.

ನಮ್ಮ ಅಭಿಪ್ರಾಯ ಬೇರೆ. ಈ ವಿದ್ಯೆ ಕಲಿಯಲು ಯೋಗ್ಯವಾದುದು. ಅದರಲ್ಲಿ ಭೌತಶಾಸ್ತ್ರವೂ ರಸಾಯನಶಾಸ್ತ್ರವೂ ಬೇಕಾದಷ್ಟಿವೆ. ಬಡ ಸಂಸಾರಕ್ಕೆ ಅದರಿಂದ ಉಳಿತಾಯವೂ ಉಂಟು. ಆದರೆ ಹಳೆಯ ನೋಟವನ್ನೂ ಹಳೆಯತನವನ್ನೂ ಒಂದೇ ಎಂದು ಭಾವಿಸತಕ್ಕದ್ದಲ್ಲ. ಆ ಭೇದವನ್ನು ಮರೆತರೆ ನಿಜವಾದ ನಷ್ಟವೊಂದು ಒದಗುತ್ತದೆ. ಅದು ಹೇಗೆಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ.

ಕಾಗೆಬಂಗಾರವೂ ಇಲ್ಲದ ಹಾಳೆ

ಮೊದಲು ಲ್ಯಾಮಿನೇಟ್ ಎಂದರೇನೆಂದು ತಿಳಿಯೋಣ. ಗಟ್ಟಿಯಾದ ಕಂದು ಕಾಗದದ ಹಲವು ಹಾಳೆಗಳನ್ನು ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿ ಆದ ರಾಳದಲ್ಲಿ ತೋಯಿಸಿ ಒಂದರ ಮೇಲೊಂದು ಇಡುತ್ತಾರೆ. ಅವುಗಳ ಮೇಲೆ ಮರದ ಗೆರೆಗಳನ್ನೋ ಬೇರೊಂದು ಚಿತ್ತಾರವನ್ನೋ ಅಚ್ಚು ಮಾಡಿದ ತೆಳುಕಾಗದವನ್ನು ಮೆಲಮೈನ್ ರಾಳದಲ್ಲಿ ತೋಯಿಸಿ ಹೊದಿಸುತ್ತಾರೆ. ಈ ಕಟ್ಟನ್ನು 120 ಡಿಗ್ರಿ ಸೆಂಟಿಗ್ರೇಡಿಗೆ ಕಡಿಮೆಯಿಲ್ಲದ ಶಾಖದಲ್ಲಿ, ಚದರ ಸೆಂಟಿಮೀಟರಿಗೆ ಸುಮಾರು 50 ಕಿಲೋಗ್ರಾಂಗೂ ಮಿಕ್ಕ ಒತ್ತಡದಲ್ಲಿ ಅದುಮಿದಾಗ, ರಾಳದ ಅಣುಗಳು ಪರಸ್ಪರ ಹೆಣೆದುಕೊಂಡು ಬಲೆಯಂತಾಗುತ್ತವೆ. ಬೆಲ್ಲದ ಪಾಕ ಆರಿ ಗಟ್ಟಿಯಾದರೆ ಮತ್ತೆ ಕಾಯಿಸಿ ಕರಗಿಸಬಹುದು. ಈ ಬಲೆಯನ್ನು ಹಾಗೆ ಕರಗಿಸಲಾಗದು. ಬೆಂದ ಮಡಕೆ ಮತ್ತೆ ಹಸಿಮಣ್ಣಾಗದಂತೆ, ಒಮ್ಮೆ ಗಟ್ಟಿಯಾದ ಲ್ಯಾಮಿನೇಟ್ ಮತ್ತೆ ಮೆತ್ತಗಾಗುವುದಿಲ್ಲ.

ಫೀನಾಲ್ ರಾಳವನ್ನು 1907ರಲ್ಲಿ ಲಿಯೋ ಬೇಕಲ್ಯಾಂಡ್ ಎಂಬ ರಸಾಯನಜ್ಞನು ಬಳಕೆಗೆ ಬರುವ ರೂಪಕ್ಕೆ ತಂದನು. ಅದಾದ ಐದಾರು ವರ್ಷಗಳಲ್ಲಿ ಅಮೆರಿಕದ ಹರ್ಬರ್ಟ್ ಫೇಬರ್ ಮತ್ತು ಡೇನಿಯಲ್ ಓ'ಕಾನರ್ ಎಂಬ ಇಬ್ಬರು ಇಂತಹ ರಾಳದಿಂದ ಪದರಗಳ ಹಾಳೆಯನ್ನು ಮಾಡಿ ಅದಕ್ಕೆ 'ಫಾರ್ಮೈಕಾ' ಎಂದು ಹೆಸರಿಟ್ಟರು. ಆ ಕಾಲದಲ್ಲಿ ವಿದ್ಯುತ್ ಯಂತ್ರಗಳೊಳಗೆ ವಿದ್ಯುತ್ತನ್ನು ತಡೆಯಲು ಅಭ್ರಕವನ್ನು, ಅಂದರೆ ಮೈಕಾವನ್ನು, ಉಪಯೋಗಿಸುತ್ತಿದ್ದರು. ಅದರ ಬದಲಿಗೆ ಬಂದ ವಸ್ತುವೆಂಬ ಅರ್ಥದಲ್ಲಿ ಈ ಹೆಸರು ಹುಟ್ಟಿತು. ನಮ್ಮ ಸನ್ಮೈಕಾದ ಹೆಸರಿನಲ್ಲಿಯೂ ಮೈಕಾ ಉಂಟು, ವಸ್ತುವಿನಲ್ಲಿಲ್ಲ. ಅಭ್ರಕವು ಹೊಳೆದರೂ ಬಂಗಾರವಲ್ಲವೆಂದು ಕನ್ನಡಿಗರು ಅದನ್ನು ಕಾಗೆಬಂಗಾರವೆಂದು ಕರೆದರು. ಈ ಹಾಳೆಯಲ್ಲಾದರೋ ಆ ಕಾಗೆಬಂಗಾರವೂ ಇಲ್ಲ! ಮೇಲೆ ಕಾಣುವ ತೇಗದ ಗೆರೆಗಳೂ ಅಚ್ಚಿನ ಯಂತ್ರದಲ್ಲಿ ಬಿದ್ದವು. ಆದುದರಿಂದ ಲ್ಯಾಮಿನೇಟಿಗೆ ಹಳೆಯ ನೋಟವನ್ನು ಕೊಡುವುದು ಸುಳ್ಳೆಂದು ಹೇಳುವವರು, ಅದು ಅಂಗಡಿಯಲ್ಲಿದ್ದಾಗಲೇ ಮರದ ವೇಷ ಹಾಕಿಕೊಂಡಿತ್ತೆಂಬುದನ್ನು ಮೊದಲು ನೆನೆಯಬೇಕು.

ಮರವು ಹೇಗೆ ಮುದಿಯಾಗುತ್ತದೆ

ಮರದ ಬಾಗಿಲು ಹಳತಾಗುವುದು ಒಂದು ಕ್ರಮವನ್ನು ಅನುಸರಿಸಿ. ಮರದ ನಾರುಗಳನ್ನು ಕಟ್ಟಿಹಿಡಿಯುವ ಲಿಗ್ನಿನ್ ಎಂಬ ದ್ರವ್ಯವು ಬಿಸಿಲಿನ ಅತಿನೇರಿಳೆ ಕಿರಣಗಳನ್ನು ಹೀರಿಕೊಂಡು ಒಡೆಯುತ್ತದೆ. ಗಾಳಿಯ ಆಮ್ಲಜನಕವು ಅದರೊಡನೆ ಸೇರಿ ಹಳದಿ, ಕಂದು ಬಣ್ಣದ ಹೊಸ ಸಂಯುಕ್ತಗಳು ಹುಟ್ಟುತ್ತವೆ. ಮಳೆ ಬಡಿಯುವ ಕಡೆಗಳಲ್ಲಿ ಇವು ತೊಳೆದುಹೋಗಿ ಬೂದುಬಣ್ಣದ ಬರಿಯ ನಾರು ಉಳಿಯುತ್ತದೆ. ಇದೆಲ್ಲ ನಡೆಯುವುದು ಮೈಮೇಲಿನ ತೀರ ತೆಳುವಾದ ಪದರದಲ್ಲಿ. ಒಂದು ಸಲ ಹತ್ತರಿ ಹೊಡೆದರೆ ಒಳಗಿನ ಮೂಲ ಬಣ್ಣವು ಮತ್ತೆ ಕಾಣುತ್ತದೆ.

ಇನ್ನು ಮನುಷ್ಯನು ಮಾಡುವ ಬದಲಾವಣೆಗಳುಂಟು. ಚಿಲಕದ ಸುತ್ತ ಕೈಯ ಜಿಡ್ಡು ಇಳಿದು ಮರವು ಕಪ್ಪಾಗಿ ಹೊಳೆಯುತ್ತದೆ. ಹೊಸ್ತಿಲು ನಡುವೆ ತಗ್ಗಾಗುತ್ತದೆ, ಎರಡು ಕೊನೆಗಳಲ್ಲಿ ಉಬ್ಬಾಗಿಯೇ ಉಳಿಯುತ್ತದೆ. ಅಡುಗೆಮನೆಯ ಕಡೆಯ ತೊಲೆಗೆ ಹೊಗೆ ಹತ್ತುತ್ತದೆ. ಕಬ್ಬಿಣದ ಮೊಳೆಯ ಸುತ್ತ ಮರವು ನೀಲಿಗಪ್ಪಾಗುತ್ತದೆ. ಈ ಕೊನೆಯದರ ಕಾರಣವನ್ನು ನಮ್ಮ ಹಿರಿಯರು ಮಸಿ ಮಾಡುವಾಗಲೇ ಬಳಸಿದ್ದರು. ಅಳಲೆಕಾಯಿಯ ಒಗರಿನಲ್ಲಿರುವ ಟ್ಯಾನಿನ್ ಎಂಬ ದ್ರವ್ಯವು ಅನ್ನಭೇದಿಯ ಕಬ್ಬಿಣದೊಡನೆ ಕೂಡಿದಾಗ ಕಪ್ಪು ಮಸಿಯಾಗುತ್ತದೆ. ನಮ್ಮ ಎರೆಸೀಮೆಯ ಕರಿಜಾಲಿಯಲ್ಲಿ ಈ ಟ್ಯಾನಿನ್ ಹೇರಳವಾಗಿರುವುದರಿಂದಲೇ ಅದರ ತೊಗಟೆಯನ್ನು ಚರ್ಮ ಹದಮಾಡಲು ಬಳಸುತ್ತ ಬಂದಿದ್ದಾರೆ. ಕಬ್ಬಿಣದ ಚೂರನ್ನು ವಿನೆಗರಿನಲ್ಲಿ ಕೆಲವು ದಿನ ನೆನೆಹಾಕಿ ಆ ದ್ರವವನ್ನು ಜಾಲಿಯ ಹಲಗೆಗೆ ಸವರಿದರೆ ಅದು ನೋಡುನೋಡುತ್ತಿದ್ದಂತೆ ಕಪ್ಪಾಗುತ್ತದೆ. ಹೊಸ ಮರಕ್ಕೆ ಹಳೆಯ ಬಣ್ಣ ತರಲು ಇದು ಎಲ್ಲೆಡೆಯ ಬಡಗಿಗಳು ಬಲ್ಲ ಉಪಾಯ.

ಅದೇ ದ್ರವವನ್ನು ಲ್ಯಾಮಿನೇಟಿನ ಮೇಲೆ ಸವರಿದರೆ ಏನೂ ಆಗುವುದಿಲ್ಲ, ಒರೆಸಿದರೆ ಹೋಗುತ್ತದೆ. ಗಟ್ಟಿಯಾದ ರಾಳದ ಬಲೆಯು ನೀರನ್ನು ಒಳಗೆ ಬಿಡದು, ಅಲ್ಲಿ ಟ್ಯಾನಿನ್ನೂ ಇಲ್ಲ. ಕಾಲವು ಕೂಡ ಅದರ ಮೇಲೆ ಹೀಗೆಯೇ ಸೋಲುತ್ತದೆ. ಲ್ಯಾಮಿನೇಟ್ ಹಳತಾಗುವುದಿಲ್ಲ, ಕೆಡುತ್ತದೆ. ಅಂಚಿನ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಆ ಸಂದಿನಲ್ಲಿ ನೀರು ಹೊಕ್ಕು ಕೆಳಗಿನ ಹೊಟ್ಟಿನ ಹಲಗೆ ಊದಿಕೊಳ್ಳುತ್ತದೆ. ಒಮ್ಮೆ ಊದಿದುದು ಒಣಗಿದರೂ ಮೊದಲಿನ ಆಕಾರಕ್ಕೆ ಬರುವುದಿಲ್ಲ. ಮರದ ಮೇಜಿನ ಮೇಲೆ ಗೀರು ಬಿದ್ದರೆ ಅದು ಮೇಜಿನ ಚರಿತ್ರೆಗೆ ಸೇರಿತು. ಲ್ಯಾಮಿನೇಟಿನ ಮೇಲೆ ಬಿದ್ದರೆ ಒಳಗಿನ ಕಂದು ಕಾಗದವು ಹೊರಗೆ ಇಣುಕಿ ನೋಡಿದಂತಾಯಿತು. ಗಟ್ಟಿಮುಟ್ಟಾದ ಕಪಾಟನ್ನು ಜನರು ಹೊರಗೆ ಹಾಕುವುದು ಅನೇಕ ವೇಳೆ ಈ ಮೇಲ್ಮೈಯ ಕಾರಣಕ್ಕಾಗಿಯೇ.

ವೇಷ ಹಾಕುವ ಕ್ರಮ

ಹಾಗಾದರೆ ಇಂತಹ ಮೈಮೇಲೆ ಹಳೆಯ ನೋಟವನ್ನು ತರುವುದು ಹೇಗೆ? ಬಣ್ಣವು ಹಿಡಿಯಬೇಕಾದರೆ ಮೊದಲು ಜಿಡ್ಡು ಹೋಗಬೇಕು. ಸೋಪಿನ ನೀರಿನಿಂದ ತೊಳೆದು, ಒಣಗಿಸಿ, 220ರ ನಂಬರಿನ ನಯವಾದ ಉಜ್ಜುಕಾಗದದಿಂದ ಹೊಳಪು ಮಾಯವಾಗುವಷ್ಟು ಮಾತ್ರ ಉಜ್ಜಬೇಕು. ಕನ್ನಡಿಯಂತಹ ಮೈಯಲ್ಲಿ ಬಣ್ಣಕ್ಕೆ ಕಾಲೂರಲು ಎಡೆಯಿಲ್ಲ. ಉಜ್ಜಿದಾಗ ಏಳುವ ಸಣ್ಣ ಸಣ್ಣ ಗೀರುಗಳು ಅದಕ್ಕೆ ಹಿಡಿತವನ್ನು ಕೊಡುತ್ತವೆ. ಅಚ್ಚಿನ ಕಾಗದವು ಬಲು ತೆಳುವಾದುದರಿಂದ ಹೆಚ್ಚು ಉಜ್ಜಿದರೆ ಅದು ಹರಿದು ಕಂದು ತಳ ಕಾಣುತ್ತದೆ. ಹೊಟ್ಟಿನ ಹಲಗೆಯ ಧೂಳಿನೊಡನೆ ರಾಳದ ಪುಡಿಯೂ ಏಳುವುದರಿಂದ ಮೂಗಿಗೆ ಬಟ್ಟೆಯಲ್ಲ, ತಕ್ಕ ಮುಖವಾಡವನ್ನೇ ಕಟ್ಟಿಕೊಂಡು, ಬಯಲಿನಲ್ಲಿ ಕೆಲಸ ಮಾಡತಕ್ಕದ್ದು. ಇಂತಹ ಹಲಗೆಗಳ ಅಂಟಿನಲ್ಲಿರುವ ಫಾರ್ಮಾಲ್ಡಿಹೈಡನ್ನು ಕ್ಯಾನ್ಸರಿಗೆ ಕಾರಣವಾಗುವ ದ್ರವ್ಯಗಳ ಪಟ್ಟಿಗೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಸೇರಿಸಿತೆಂಬುದನ್ನು ಮರೆಯಬಾರದು.

ಆಮೇಲೆ ತಳಬಣ್ಣ. ನುಣುಪಾದ ಮೈಗೆ ಅಂಟಿಕೊಳ್ಳುವುದರಲ್ಲಿ ಅರಗಿಗೆ ಸಮನಾದ ಸಹಜ ವಸ್ತುಗಳು ಕಡಿಮೆ. ಮರದ ಕೊಂಬೆಗಳ ಮೇಲೆ ಬದುಕುವ ಸಣ್ಣ ಕೀಟವೊಂದು ಸುರಿಸುವ ಈ ರಾಳವನ್ನು ಶೋಧಿಸಿ ಸ್ಪಿರಿಟಿನಲ್ಲಿ ಕರಗಿಸಿದರೆ ತಳಲೇಪ ಸಿದ್ಧವಾಗುತ್ತದೆ. ಸ್ಪಿರಿಟಿನ ಬಳಿ ಬೆಂಕಿ ಸುಳಿಯಬಾರದೆಂದು ಬೇರೆ ಹೇಳಬೇಕಾಗಿಲ್ಲ. ಅದು ಒಣಗಿದ ಮೇಲೆ ಗಾಢವಾದ ಬಣ್ಣವೊಂದನ್ನು ಬಳಿದು ಒಂದು ರಾತ್ರಿ ಆರಲು ಬಿಡಬೇಕು. ಅಂಚುಗಳಿಗೂ ಹಿಡಿಯ ಸುತ್ತಲೂ ಮೇಣದಬತ್ತಿಯನ್ನು ಉಜ್ಜಿ, ಅದರ ಮೇಲೆ ತಿಳಿಯಾದ ಇನ್ನೊಂದು ಬಣ್ಣವನ್ನು ಬಳಿದರೆ, ಮೇಣ ಇದ್ದೆಡೆಯಲ್ಲಿ ಮೇಲಿನ ಬಣ್ಣ ಗಟ್ಟಿಯಾಗಿ ಕೂರುವುದಿಲ್ಲ. ಒಣಗಿದ ಬಳಿಕ ಮೃದುವಾಗಿ ಉಜ್ಜಿದರೆ ಅಲ್ಲಿ ಮಾತ್ರ ಅದು ಎದ್ದುಹೋಗಿ ಕೆಳಗಿನ ಗಾಢ ಬಣ್ಣ ಕಾಣುತ್ತದೆ. ನೂರಾರು ಕೈಗಳು ಸವೆಸಿದಂತೆ ತೋರುವುದು ಈ ಉಪಾಯದಿಂದ. ಕೊನೆಗೆ ತೆಳುಮಾಡಿದ ಕಡುಗಂದು ಬಣ್ಣವನ್ನು ಸವರಿ ಕೂಡಲೆ ಒರೆಸಿದರೆ, ಮೂಲೆ ಸಂದುಗಳಲ್ಲಿ ಅದು ಉಳಿದು ಕಾಲದ ಮಸಿಯನ್ನು ನೆನಪಿಸುತ್ತದೆ.

ಬಣ್ಣವು ಬಿರಿದಂತೆ ಮಾಡುವ ಬಗೆ ಇನ್ನೂ ಸ್ವಾರಸ್ಯವಾದುದು. ತಳದ ಬಣ್ಣ ಒಣಗಿದ ಮೇಲೆ ಬಡಗಿಗಳ ಬಿಳಿಯ ಅಂಟನ್ನು ಬಳಿದು, ಅದು ಕೈಗೆ ಅಂಟುವಷ್ಟು ಹಸಿಯಾಗಿರುವಾಗಲೇ ಮೇಲಿನ ನೀರುಬಣ್ಣವನ್ನು ಒಂದೇ ಎಳೆತದಲ್ಲಿ ಬಳಿಯುತ್ತಾರೆ. ಮೇಲಿನ ಪದರವು ಬೇಗ ಆರಿ ಕುಗ್ಗುತ್ತದೆ. ಕೆಳಗಿನ ಅಂಟು ಇನ್ನೂ ಜಾರುತ್ತಿರುವುದರಿಂದ ಅದನ್ನು ಹಿಡಿದು ನಿಲ್ಲಿಸಲಾರದು. ಆಗ ಮೇಲಿನ ಪದರ ಸೀಳುತ್ತದೆ. ಮಸ್ಕಿ, ಸಿಂಧನೂರುಗಳ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಬೇಸಗೆಯಲ್ಲಿ ಎರೆಹೊಲವು ಬಾಯಿ ಬಿಡುವುದನ್ನು ಅವರು ಕಂಡೇ ಇದ್ದಾರೆ. ನೀರು ಕುಡಿದು ಹಿಗ್ಗುವ ಜೇಡಿಯು ಒಣಗುವಾಗ ಕುಗ್ಗುತ್ತದೆ. ಕುಗ್ಗುವ ಎಳೆತವನ್ನು ತಾಳಲಾರದೆ ನೆಲ ಬಿರಿಯುತ್ತದೆ. ತೆಳುವಾದ ಪದರದಲ್ಲಿ ಬಿರುಕುಗಳು ಒತ್ತಾಗಿಯೂ ಸಣ್ಣದಾಗಿಯೂ, ದಪ್ಪ ಪದರದಲ್ಲಿ ದೂರದೂರವಾಗಿಯೂ ದೊಡ್ಡದಾಗಿಯೂ ಬೀಳುವ ನಿಯಮವು ಕಪಾಟಿಗೂ ಹೊಲಕ್ಕೂ ಒಂದೇ.

ಇಷ್ಟೆಲ್ಲ ಮಾಡಿಯೂ ಕೆಲಸ ಕೆಡುವುದು ಒಂದು ತಪ್ಪಿನಿಂದ: ಸವೆತಕ್ಕೆ ಕಾರಣವಿಲ್ಲದಿರುವುದು. ಕೈ ತಾಗದ ಮೇಲ್ಮೂಲೆ ಸವೆದು, ದಿನವೂ ಹಿಡಿದೆಳೆಯುವ ಅಂಚು ಹೊಸದಾಗಿಯೇ ಇದ್ದರೆ ನೋಡುವ ಕಣ್ಣು ಒಪ್ಪುವುದಿಲ್ಲ. ಆದುದರಿಂದ ಈ ಕೆಲಸಕ್ಕೆ ಕೈಹಾಕುವ ವಿದ್ಯಾರ್ಥಿಯು ಮೊದಲು ತನ್ನ ಊರಿನ ಹಳೆಯ ಬಾಗಿಲೊಂದರ ಮುಂದೆ ನಿಂತು, ಎಲ್ಲಿ ಏಕೆ ಸವೆದಿದೆ, ಎಲ್ಲಿ ಏಕೆ ಕಪ್ಪಾಗಿದೆ ಎಂದು ಬರೆದುಕೊಳ್ಳಲಿ. ಅದು ಪಾಠಪುಸ್ತಕಕ್ಕೆ ಕಡಿಮೆಯಾದ ಪಾಠವಲ್ಲ. ಬಣ್ಣ ಬಳಿದ ಹಳೆಯ ಬಾಗಿಲನ್ನು ನೋಡುವುದು ಮಾತ್ರ ಸಾಕು, ಉಜ್ಜಬಾರದು. ಮನೆಯ ಬಣ್ಣಗಳಲ್ಲಿ ಸೀಸದ ಪ್ರಮಾಣವು ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರಬಾರದೆಂಬ ಸರಕಾರದ ನಿಯಮ ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಬಣ್ಣದ ಧೂಳಿನಲ್ಲಿ ಸೀಸವಿರಬಹುದು. ಅದು ಮಕ್ಕಳ ಮೆದುಳಿಗೆ ವಿಷ.

ಕಲ್ಲು ಹೇಳುವ ಸಾಕ್ಷ್ಯ, ಮರ ಹೇಳುವ ಸಾಕ್ಷ್ಯ

ಇನ್ನು ಸುಳ್ಳು ನಿಜಗಳ ಪ್ರಶ್ನೆಗೆ ಬರೋಣ. ನೆರೆಯ ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರವಾದ ಮರದ ಗೊಂಬೆಗೆ ಹುಣಿಸೆಬೀಜದ ಅಂಟಿನಿಂದ ಮೈಕಟ್ಟಿ, ತವರದಿಂದ ಲೋಹದ ಹೊಳಪನ್ನು ತರುತ್ತಾರೆ. ನೋಡುವವರಿಗೆ ಬೆಳ್ಳಿ ಬಂಗಾರದ ಭ್ರಮೆಯಾಗುತ್ತದೆ. ಅದನ್ನು ಯಾರೂ ಮೋಸವೆನ್ನಲಿಲ್ಲ. ಕೊಳ್ಳುವವನು ಅದನ್ನು ಕಿನ್ನಾಳದ ಕೆಲಸವೆಂದು ಬಲ್ಲನು, ಬಂಗಾರದ ಬೆಲೆಯನ್ನು ಕೊಡುವುದಿಲ್ಲ. ಅನುಕರಣೆ ತಾನಾಗಿ ಸುಳ್ಳಾಗುವುದಿಲ್ಲ. ಅದನ್ನು ಮೂಲವೆಂದು ಹೇಳಿದ ಗಳಿಗೆಯಲ್ಲಿ ಸುಳ್ಳು ಹುಟ್ಟುತ್ತದೆ. ಹಳೆಯ ನೋಟದ ಲ್ಯಾಮಿನೇಟ್ ಕಪಾಟಿಗೂ ಇದೇ ನ್ಯಾಯವನ್ನು ಅನ್ವಯಿಸಬೇಕು.

ಆದರೆ ನಿಜವಾದ ಹಳೆಯತನದಲ್ಲಿ ನೋಟಕ್ಕಿಂತ ಹೆಚ್ಚಿನದೊಂದು ಇದೆ. ಅದು ಸಾಕ್ಷ್ಯ. ಈ ಮಾತನ್ನು ಹೇಳಲು ಮಸ್ಕಿಗಿಂತ ತಕ್ಕ ಸ್ಥಳವಿಲ್ಲ. 1915ರಲ್ಲಿ ಚಿನ್ನದ ಗಣಿಗಳ ಎಂಜಿನಿಯರನಾದ ಸಿ. ಬೀಡನ್ ಎಂಬಾತನಿಗೆ ಅಲ್ಲಿನ ಬೆಟ್ಟದ ಬಂಡೆಯ ಮೇಲೆ ಬ್ರಾಹ್ಮೀ ಲಿಪಿಯ, ಪ್ರಾಕೃತ ಭಾಷೆಯ ಬರಹವೊಂದು ಕಂಡಿತು. 'ದೇವಾನಾಂಪ್ರಿಯ' ಎಂಬ ಬಿರುದಿನ ಅರಸನ ಶಾಸನಗಳು ಅದಕ್ಕೆ ಮೊದಲೇ ದೇಶದ ಹಲವೆಡೆ ದೊರೆತಿದ್ದವು; ಮಸ್ಕಿಯ ಬಂಡೆಯಲ್ಲಿ ಆ ಬಿರುದಿನೊಡನೆ ಅಶೋಕ ಎಂಬ ಹೆಸರೇ ಇದ್ದಿತು. ಮುಂದೆ ಗುಜರ್ರಾ, ನಿಟ್ಟೂರು, ಉದೇಗೋಳಗಳಲ್ಲಿಯೂ ಆ ಹೆಸರು ದೊರೆಯಿತಾದರೂ, ವಿದ್ವಾಂಸರ ಊಹೆಯನ್ನು ಮೊದಲು ಗಟ್ಟಿಗೊಳಿಸಿದ ಕೀರ್ತಿ ಮಸ್ಕಿಯದು. ಆ ಬಂಡೆಯ ಬೆಲೆ ಅದರ ಚೆಲುವಿನಲ್ಲಿಲ್ಲ. ಅದೇ ಲಿಪಿಯನ್ನು ಅದಕ್ಕಿಂತ ಅಂದವಾಗಿ ಇಂದು ಬೇರೊಂದು ಕಲ್ಲಿನ ಮೇಲೆ ಕೆತ್ತಿಸಬಹುದು. ಆ ಕಲ್ಲು ಅಶೋಕನ ವಿಷಯದಲ್ಲಿ ಒಂದಕ್ಷರದ ಸಾಕ್ಷ್ಯವನ್ನೂ ಹೇಳಲಾರದು.

ಮರವೂ ಹೀಗೆ ಸಾಕ್ಷ್ಯ ಹೇಳಬಲ್ಲುದು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಿದ್ದಾರೆ. ಅಲ್ಲಿ ಪ್ರಾಚೀನರು ನೂರಾರು ಅಡಿ ಆಳಕ್ಕೆ ಇಳಿದು, ಬಂಡೆಗೆ ಬೆಂಕಿಯಿಟ್ಟು ಕಾಯಿಸಿ ಸೀಳಿ ಚಿನ್ನ ತೆಗೆದ ಹಳೆಯ ಸುರಂಗಗಳುಂಟು. ಅಂತಹ ಸುರಂಗಗಳಲ್ಲಿ ಉಳಿದಿದ್ದ ಮರದ ತುಂಡುಗಳನ್ನು ಇಂಗಾಲದ ಪರೀಕ್ಷೆಗೆ ಒಳಪಡಿಸಿದಾಗ, ಅವುಗಳ ವಯಸ್ಸು ಸುಮಾರು ಎರಡು ಸಾವಿರ ವರ್ಷವೆಂದು ತಿಳಿದುಬಂತು. ಅರಸರ ಹೆಸರಿಲ್ಲದ, ಬರಹವಿಲ್ಲದ ಮರದ ತುಂಡು ನಮ್ಮ ನಾಡಿನ ಗಣಿಗಾರಿಕೆಯ ಚರಿತ್ರೆಯನ್ನು ಅಷ್ಟು ಹಿಂದಕ್ಕೆ ಒಯ್ದಿತು.

ಈ ಪರೀಕ್ಷೆಯ ತತ್ತ್ವವನ್ನು ವಿಲರ್ಡ್ ಲಿಬ್ಬಿ ಎಂಬ ವಿಜ್ಞಾನಿಯೂ ಆತನ ಸಂಗಡಿಗರೂ 1940ರ ದಶಕದ ಕೊನೆಯಲ್ಲಿ ರೂಪಿಸಿದರು. ಅದಕ್ಕಾಗಿ ಲಿಬ್ಬಿಗೆ 1960ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಗಾಳಿಯಲ್ಲಿರುವ ಇಂಗಾಲದಲ್ಲಿ ಅತ್ಯಲ್ಪ ಪ್ರಮಾಣದ ವಿಕಿರಣಶೀಲ ಇಂಗಾಲ-14 ಬೆರೆತಿರುತ್ತದೆ. ಬೆಳೆಯುವ ಮರ ಅದನ್ನು ಹೀರುತ್ತಿರುತ್ತದೆ. ಆ ಹೀರುವಿಕೆ ನಿಂತ ಮೇಲೆ ಹೊಸ ಇಂಗಾಲ ಬರುವುದಿಲ್ಲ. ಇದ್ದ ಇಂಗಾಲ-14 ಪ್ರತಿ 5,730 ವರ್ಷಗಳಿಗೆ ಅರ್ಧದಂತೆ ಕರಗುತ್ತ ಹೋಗುತ್ತದೆ. ಉಳಿದುದನ್ನು ಅಳೆದರೆ ವಯಸ್ಸು ಗೊತ್ತಾಗುತ್ತದೆ.

ಈಗ ನಮ್ಮ ಲ್ಯಾಮಿನೇಟ್ ಹಾಳೆಯನ್ನು ಇದೇ ಪರೀಕ್ಷೆಗೆ ಕೊಟ್ಟರೆ ಏನಾದೀತು? ಅದರ ಕಾಗದವು ಇತ್ತೀಚಿನ ಮರದ್ದು. ಅದರ ರಾಳವಾದರೋ ಬಹುಮಟ್ಟಿಗೆ ಕಲ್ಲೆಣ್ಣೆ ಮತ್ತು ನೆಲದೊಳಗಿನ ಅನಿಲಗಳಿಂದ ಬಂದುದು. ಅವು ಕೋಟ್ಯಂತರ ವರ್ಷ ಹಳೆಯವಾದುದರಿಂದ ಅವುಗಳಲ್ಲಿ ಇಂಗಾಲ-14 ಎಂದೋ ಮುಗಿದುಹೋಗಿದೆ. ಹಾಳೆಯ ಒಟ್ಟು ಇಂಗಾಲದಲ್ಲಿ ಮೂರರಲ್ಲಿ ಒಂದು ಪಾಲು ರಾಳದ್ದೆಂದು ಲೆಕ್ಕಕ್ಕಾಗಿ ಹಿಡಿಯೋಣ. ಆಗ ಇಂಗಾಲ-14 ಹೊಸ ಮರದಲ್ಲಿರುವುದರ ಮೂರರಲ್ಲಿ ಎರಡು ಪಾಲು ಮಾತ್ರ ಇರುತ್ತದೆ. ಅಷ್ಟು ಕಡಿಮೆಯಾಗಲು ಮರಕ್ಕೆ ಹಿಡಿಯುವ ಕಾಲ ಸುಮಾರು 3,350 ವರ್ಷ. ಅಂದರೆ ಹೋದ ತಿಂಗಳು ಸಿಂಧನೂರಿನ ಅಂಗಡಿಯಲ್ಲಿ ಕೊಂಡ ಕಪಾಟಿನ ಮೈಹೊದಿಕೆಯು, ಲೆಕ್ಕವನ್ನಷ್ಟೇ ನಂಬಿದರೆ, ಮಸ್ಕಿಯ ಶಾಸನಕ್ಕಿಂತ ಸುಮಾರು ಸಾವಿರ ವರ್ಷ ಹಳೆಯದೆಂದು ಉತ್ತರ ಬಂದೀತು! ಪ್ರಯೋಗಶಾಲೆಯವರು ಇದರಿಂದ ಮೋಸಹೋಗುವುದಿಲ್ಲ. ಅವರು ವಸ್ತು ಯಾವುದೆಂದು ಮೊದಲು ನೋಡುತ್ತಾರೆ. ನಮಗೆ ಇದರಿಂದ ಸಿಗುವ ಪಾಠ ಇಷ್ಟು: ವಸ್ತು ಯಾವುದು, ಎಲ್ಲಿಂದ ಬಂತು, ಯಾರು ಮಾಡಿದರು ಎಂಬ ವಿವರಗಳು ಜೊತೆಗಿಲ್ಲದಿದ್ದರೆ ಕಣ್ಣು ಮಾತ್ರವಲ್ಲ, ಉಪಕರಣವೂ ದಾರಿ ತಪ್ಪಬಹುದು.

ನಷ್ಟವೆಲ್ಲಿ?

ನಾವು ಆರಂಭದಲ್ಲಿ ಹೇಳಿದ ನಷ್ಟ ಇಲ್ಲಿದೆ. ಒಂದು ಮನೆಯಲ್ಲಿ ಹಣ ಕೊಟ್ಟು ಲ್ಯಾಮಿನೇಟಿಗೆ ಅಜ್ಜನ ಕಾಲದ ಮೈಬಣ್ಣ ಬಳಿಸುತ್ತಿರುವಾಗ, ಪಕ್ಕದ ಓಣಿಯಲ್ಲಿ ನಿಜವಾಗಿಯೂ ಅಜ್ಜನ ಕಾಲದ ತಲಬಾಗಿಲು ಕಿತ್ತು ಮೂಲೆಗೆ ಬಿದ್ದಿರುತ್ತದೆ. ಮಾಳಿಗೆ ಮನೆ ಕೆಡವಿದಾಗ ಅದರ ತೊಲೆ, ಕಂಬ, ಬಾಗಿಲುಗಳು ಉರುವಲಾಗುವುದೂ, ಇಡಿಯಾಗಿ ಮಾರಾಟವಾಗಿ ಊರು ಬಿಡುವುದೂ ಉಂಟು. ಯಾವ ಊರಿನ, ಯಾವ ಮನೆಯ, ಯಾವ ಕಾಲದ ಬಾಗಿಲೆಂಬುದನ್ನು ಯಾರೂ ಬರೆದಿಡುವುದಿಲ್ಲ. ಬೇರೆ ಊರಿನ ಗೋಡೆಗೆ ಒರಗಿದ ಮೇಲೆ ಆ ಬಾಗಿಲಿಗೆ ನೋಟ ಮಾತ್ರ ಉಳಿಯುತ್ತದೆ, ಸಾಕ್ಷ್ಯ ಹೋಗುತ್ತದೆ. ಆಗ ಅದಕ್ಕೂ ಬಣ್ಣ ಬಳಿದ ಲ್ಯಾಮಿನೇಟಿಗೂ ಇರುವ ಅಂತರ ಬಹಳವಿಲ್ಲ. ನೂರು ವರ್ಷ ತುಂಬಿದ ಕರಕುಶಲ ವಸ್ತುಗಳಿಗೆ ಪ್ರಾಚೀನ ವಸ್ತುಗಳೆಂಬ ಮಾನ್ಯತೆಯನ್ನು 1972ರ ಕಾನೂನು ಕೊಟ್ಟಿದೆ. ಆದರೆ ನೂರು ವರ್ಷವಾಯಿತೆಂದು ತೋರಿಸಲು ಬರಹವೇ ಇಲ್ಲದಿದ್ದರೆ ಕಾನೂನು ಏನು ಮಾಡೀತು?

ಹೀಗೆಂದು ಜನರೆಲ್ಲ ಹಳೆಯ ಮನೆಯಲ್ಲಿಯೇ ಇರಬೇಕೆಂದು ನಾವು ಹೇಳುತ್ತಿಲ್ಲ. ಸೋರುವ ಮಾಳಿಗೆಯ ಕೆಳಗೆ ಮಳೆಗಾಲ ಕಳೆದವರಿಗೆ ಸಿಮೆಂಟಿನ ಛಾವಣಿಯ ಬೆಲೆ ಗೊತ್ತು. ಇಡಿಯ ತೇಗದ ಕಪಾಟನ್ನು ಎಲ್ಲರೂ ಕೊಳ್ಳಲಾರರು. ಎಲ್ಲರೂ ಕೊಂಡರೆ ಕಾಡು ಉಳಿಯದು. ಲ್ಯಾಮಿನೇಟ್ ಇರಲಿ. ಕರಗಿಸಲು ಬಾರದ, ಸುಟ್ಟರೆ ಕೆಟ್ಟ ಹೊಗೆ ಬಿಡುವ ಆ ವಸ್ತುವನ್ನು ಬೇಗ ಬೀದಿಗೆ ಎಸೆಯದೆ ಹೆಚ್ಚು ಕಾಲ ಬಳಸುವುದೇ ಮೇಲು. ಹಳೆಯ ನೋಟದ ಬಣ್ಣವು ಇಲ್ಲಿ ನಿಜವಾಗಿ ಉಪಕಾರಿ. ಹೊಳೆಯುವ ಮೈಗೆ ಒಂದು ಗೀರೂ ಕುಂದು; ಸವೆದಂತೆ ತೋರುವ ಮೈಗೆ ಮುಂದೆ ಬೀಳುವ ಗೀರುಗಳು ಹೊಂದಿಕೊಂಡುಹೋಗುತ್ತವೆ. ಮದುವೆಯ ಕಾಲಕ್ಕೆ ಕೊಂಡ ಕಪಾಟು ಇನ್ನೂ ಹತ್ತು ವರ್ಷ ಮನೆಯಲ್ಲಿ ಉಳಿದೀತು.

ಆದಕಾರಣ ನಮ್ಮ ವಿದ್ಯಾರ್ಥಿಗಳಿಗೆ ಎರಡು ಸಲಹೆಗಳನ್ನು ಮಾಡುತ್ತೇವೆ. ಮನೆಯ ಲ್ಯಾಮಿನೇಟ್ ಸಾಮಾನಿಗೆ ಹಳೆಯ ನೋಟವನ್ನು ಕೊಟ್ಟಾಗ, ಅದರ ಬೆನ್ನ ಹಲಗೆಯ ಒಳಮೈಯಲ್ಲಿ ಅಳಿಸದ ಮಸಿಯಿಂದ ಬರೆಯಿರಿ: ಕೆಳಗಿರುವುದು ಲ್ಯಾಮಿನೇಟ್, ಮೇಲಿರುವುದು ಬಣ್ಣ, ಕೆಲಸ ಮಾಡಿದವರು ಯಾರು, ವರ್ಷ ಯಾವುದು. ಹಾಗೆ ಬರೆದ ಕಪಾಟು ಯಾರನ್ನೂ ವಂಚಿಸಲಾರದು. ಐವತ್ತು ವರ್ಷದ ಮೇಲೆ ಅದೇ ಒಂದು ದಾಖಲೆಯಾದರೂ ಆದೀತು. ಎರಡನೆಯದು ಅದಕ್ಕಿಂತ ಮುಖ್ಯವಾದುದು. ನಿಮ್ಮ ಓಣಿಯಲ್ಲಿ ಹಳೆಯ ಮನೆಯೊಂದು ಇಳಿಯುವ ಸುದ್ದಿ ಕೇಳಿದರೆ, ಮನೆಯವರ ಒಪ್ಪಿಗೆ ಪಡೆದು ಹೋಗಿ ಬಾಗಿಲು ಕಂಬಗಳ ಉದ್ದಗಲವನ್ನು ಅಳೆಯಿರಿ, ಚಿತ್ರ ತೆಗೆಯಿರಿ, ಯಾವ ಮರವೆಂದು ಬಡಗಿಯನ್ನು ಕೇಳಿರಿ, ಯಾವಾಗ ಯಾರು ಮಾಡಿದರೆಂದು ಮನೆಯ ಹಿರಿಯರನ್ನು ಕೇಳಿರಿ. ಇವನ್ನೆಲ್ಲ ನಿಮ್ಮ ಶಾಲೆಯ ಒಂದು ಪುಸ್ತಕದಲ್ಲಿ ವರ್ಷದೊಡನೆ ಬರೆದಿಡಿರಿ. ಅದಕ್ಕೆ ಬೇಕಾದುದು ಒಂದು ಅಳತೆಪಟ್ಟಿ ಮತ್ತು ಒಂದು ಮಧ್ಯಾಹ್ನದ ಬಿಡುವು. ಆ ಬಾಗಿಲು ಮುಂದೆ ಎಲ್ಲಿಗೆ ಹೋದರೂ ಅದು ಸಿಂಧನೂರಿನದೋ ಮಸ್ಕಿಯದೋ ಲಿಂಗಸುಗೂರಿನದೋ ಎಂಬುದು ಆಗ ನಿಮ್ಮ ಪುಸ್ತಕದಲ್ಲಿ ಉಳಿದಿರುತ್ತದೆ. ಈ ಕೆಲಸವನ್ನು ಬರುವ ಬೇಸಗೆಯ ರಜೆಯಲ್ಲಿಯೇ ಆರಂಭಿಸಬಹುದು. ಮನೆಗಳನ್ನು ಕೆಡವಿ ಕಟ್ಟಿಸುವವರು ಕಾದುನೋಡುವುದು ಕೂಡ ಆ ಒಣ ತಿಂಗಳುಗಳನ್ನೇ.